ಬರೀ ನೀರು ಕುಡಿದವರು

“ಬರೀ ನೀರೇನಾ?”

ನನ್ನ ಹೆಂಡತಿ ಪುಟ್ಟೀರಿ ಕೊನೆಗೆ ಕೇಳಿದ್ದು ಇಷ್ಟೇ. ಮೂರು ದಿನದಿಂದ ಭೇದಿ. ಲೋಟ ಬಾಯಿಗೆ ಹಿಡಿದಿದ್ದೆ. ಇನ್ನೊಂದು ಗುಟುಕು ಕುಡಿಸಿದೆ.

ಊರಲ್ಲಿ ಡಂಗುರ ಆಗಿತ್ತು. “ಕೊಡಸಿಗೆ ತೊಗಟೆಯ ಕಷಾಯ ಭೇದಿ ನಿಲ್ಲಿಸುತ್ತದೋ ಇಲ್ಲವೋ, ರಾಜವೈದ್ಯರು ಇಲಿಗಳ ಮೇಲೆ ಪರೀಕ್ಷೆ ಮಾಡುತ್ತಿದ್ದಾರೆ. ಮುಗಿಯುವವರೆಗೆ ಆ ಮರಕ್ಕೆ ಬೇಲಿ, ಮುಟ್ಟಿದವರಿಗೆ ಸೆರೆ. ಅಲ್ಲಿಯವರೆಗೆ ಕಾಯಲಾರೆ ಅನ್ನುವವನು ವೈದ್ಯರ ಮೂರು ಒಗಟು ಒಡೆಯಲಿ. ಒಡೆದರೆ ಕೇಳಿದ್ದು ಸಿಗುತ್ತದೆ. ತಪ್ಪಿದರೆ ತಲೆ ಹೋಗುತ್ತದೆ!”

ನಮ್ಮಜ್ಜಿ, ಅವಳಜ್ಜಿ ಎಲ್ಲ ಕೊಟ್ಟ ಕಷಾಯ ಅದು. ಅರಮನೆಯ ಇಲಿಮನೆ ಗುಡಿಸುವವನು ನಾನೇ. ದಿನಾ ಕಷಾಯದ ಗಡಿಗೆ ಎತ್ತಿಡುತ್ತಿದ್ದೆ. ಒಂದು ಗುಟುಕು ಮನೆಗೆ ತರಲಿಲ್ಲ. ಹೆದರಿದೆ.

ಅವಳನ್ನು ಮಣ್ಣು ಮಾಡಿ ಬಂದರೆ, ಪಕ್ಕದ ಮನೆ ದುಂಡವ್ವನ ಮಗಳಿಗೂ ಶುರುವಾಗಿತ್ತು. ನೆಟ್ಟಗೆ ಅರಮನೆಗೆ ಹೋದೆ.

ನನಗಿಂತ ಮೊದಲು ಇಬ್ಬರು ಪಂಡಿತರು ನಿಂತಿದ್ದರು. ರಾಜವೈದ್ಯ ತಿರುಮಲಾರ್ಯರು ಕೇಳಿದರು: “ವೈದ್ಯನ ಕೈಯಿಂದಲೇ ಬರುವ ರೋಗ ಯಾವುದು?”

ಒಬ್ಬ “ಅಹಂಕಾರ” ಅಂದ. ಎಳೆದೊಯ್ದರು. ಇನ್ನೊಬ್ಬ “ಹಿಂದಿನ ಜನ್ಮದ ಪಾಪ” ಅಂದ. ಅವನನ್ನೂ ಎಳೆದೊಯ್ದು ಸೆರೆಯಲ್ಲಿಟ್ಟರು.

“ಏನೋ ಮಾಚ, ಪೊರಕೆ ಎಲ್ಲಿಟ್ಟು ಬಂದೆ?” ಅಂದರು ವೈದ್ಯರು. ಸಭೆ ನಕ್ಕಿತು.

“ವೈದ್ಯನ ಕೈಯಿಂದ ಬರೋ ರೋಗ ಇಲಿಯ ಭೇದಿ ಸ್ವಾಮಿ. ಉಪವಾಸ ಕೆಡವಿ, ಹರಳೆಣ್ಣೆ ಕುಡಿಸಿ ನೀವೇ ಬರಿಸ್ತೀರಿ.”

ವೈದ್ಯರು ಎರಡನೇ ಒಗಟು ಹಾಕಿದರು.

“ಬಾಯಿಲ್ಲದೆ ಹೊಟ್ಟೆಯ ನಿಜ ಹೇಳುವುದು ಯಾವುದು?”

“ಗೂಡಿನ ಕೆಳಗೆ ಹಾಸಿದ ಬಿಳಿ ಕಾಗದ. ಎಷ್ಟು ಕಡೆ ಒದ್ದೆಯಾಯ್ತು ಅಂತ ಅದನ್ನು ನೋಡೇ ತಿಳೀತೀರಿ. ದಿನಾ ಬದಲಿಸೋನು ನಾನೇ.”

“ರೋಗ ಉಂಟು, ಮದ್ದು ಸಿಗದು. ಅವನಿಲ್ಲದೆ ಮದ್ದು ಗೆದ್ದಿತು ಅನ್ನಲೂ ಆಗದು. ಯಾರವನು?”

“ಮೂರನೇ ಗೂಡಿನ ಇಲಿ. ಅದಕ್ಕೂ ಹರಳೆಣ್ಣೆ ಕುಡಿಸ್ತೀರಿ. ಆಮೇಲೆ ಬರೀ ನೀರು. ಕಷಾಯ ಕುಡಿದ ಇಲಿಯ ಪಕ್ಕ ಇಟ್ಟು ನೋಡೋದಕ್ಕೆ.” ಸಿಂಹಾಸನದಲ್ಲಿದ್ದ ರಾಜನ ಕಡೆ ತಿರುಗಿದೆ. “ಮತ್ತೆ ನನ್ನ ಪುಟ್ಟೀರಿ.”

“ಯಾರದು?” ಅಂದ ರಾಜ.

“ನನ್ನ ಹೆಂಡ್ತಿ ಬುದ್ಧಿ. ಅವಳಿಗೂ ಬರೀ ನೀರೇ. ಇಲಿ ಸತ್ತರೆ ಬರೆದಿಡ್ತೀರಿ. ಅವಳು ಸತ್ತದ್ದು ಯಾರು ಬರೆದರು? ನಮ್ಮ ಕೇರಿಯನ್ನೇ ಮೂರನೇ ಗೂಡು ಮಾಡಿದಿರಿ. ಒಂದು ಮಾತು ಕೇಳಿದಿರಾ? ಇಲಿ ಮೇಲೆ ನೋಡಿ, ಬೇಡ ಅನ್ನಲ್ಲ. ಅಲ್ಲೀತನಕ ಮರಕ್ಕೆ ಬೇಲಿ ಯಾಕೆ?”

“ಮೂರೂ ಸರಿ” ಅಂದರು ವೈದ್ಯರು. ರಾಜ ಶಾಲು ತರಿಸಿದ, ಹೊಲ ಕೊಡುತ್ತೇನೆ ಅಂದ.

“ಅದು ಬೇಡ. ಬೇಲಿ ಕೀಳಿಸಿ. ಆ ಪಂಡಿತರನ್ನೂ ಬಿಡಿ. ಅವರು ಇಲಿಮನೆ ಗುಡಿಸಿದವರಲ್ಲ, ಹೇಗೆ ಗೊತ್ತಾಗಬೇಕು?”

ಎರಡೂ ಆಯಿತು.

ಮಾರನೆ ಬೆಳಿಗ್ಗೆ ತೊಗಟೆ ಕುದಿಸಿದೆ. ದುಂಡವ್ವನ ಮಗಳು ಎರಡನೇ ಲೋಟಕ್ಕೆ ಮುಖ ಕಿವುಚಿ “ಕಹಿ ಮಾವಾ” ಅಂದಳು. ಕೇರಿಗೆಲ್ಲ ಹಂಚಿದೆ. ತಳದಲ್ಲಿ ಒಂದಿಷ್ಟು ಉಳಿಯಿತು. ಅದನ್ನು ಇಲಿಮನೆಗೆ ತಗೊಂಡು ಹೋಗಿ, ಮೂರನೇ ಗೂಡಿನ ಮುಂದೆ ಕೂತು, ಅಲ್ಲಿದ್ದ ಒಂದೊಂದು ಇಲಿಗೂ ಕುಡಿಸಿದೆ.