ಹನ್ನೊಂದು ದಿನ ಕೈಕೊಡದ ಗಾಡಿ

ಮಲಪ್ರಭೆಯ ದಂಡೆಯ ಮಠದಿಂದ ನೇಪಾಳದ ಮುಕ್ತಿನಾಥಕ್ಕೆ ನಾಲ್ಕು ಬೈಕಿನಲ್ಲಿ ಹೊರಟೆವು. ಎಲ್ಲವೂ ಭಕ್ತರು ಕೊಟ್ಟ ಬೈಕು. ಮಾರಲು ಹೋದರೆ ಯಾರೂ ಕೊಳ್ಳದ್ದನ್ನು ಭಕ್ತರು ಮಠಕ್ಕೆ ಕೊಡುತ್ತಾರೆ.

ನಾವು ನಾಲ್ವರು ಶಿಷ್ಯರು. ದ್ಯಾವಪ್ಪನ ಹಿಂದಿನ ಸೀಟಿನಲ್ಲಿ ನಮ್ಮ ಗುರು ಅಡವಯ್ಯಜ್ಜ.

ಹೊರಡುವ ಮೊದಲು ನಾನು ಊರ ಕಟ್ಟೆಯ ಮೇಲೆ ನಿಂತು ಹೇಳಿದ್ದೆ: ನೇಪಾಳದ ನೆಲಕ್ಕೆ ಮೊದಲು ತಾಗುವುದು ನನ್ನ ಗಾಲಿ. ಇಲ್ಲದಿದ್ದರೆ ಮೀಸೆ ಬೋಳಿಸಿಕೊಂಡು ಊರಿಗೆ ಬರುತ್ತೇನೆ.

ಇಂಥ ಮೀಸೆ ಸುತ್ತ ಏಳು ಹಳ್ಳಿಯಲ್ಲಿಲ್ಲ. ಜಂಬಕ್ಕೆ ಹೇಳುತ್ತಿಲ್ಲ. ಇಲ್ಲ, ಅಷ್ಟೆ.

ದಾರಿಯಲ್ಲಿ ದ್ಯಾವಪ್ಪನ ಚೈನು ನಾಲ್ಕು ಸಲ ಕಡಿಯಿತು. ಮಾಬುಸಾಬನ ಸೈಲೆನ್ಸರ್ ಕಳಚಿ ಬಿತ್ತು. ನಿಂಗನಗೌಡನ ದೀಪ ಹಗಲಲ್ಲಿ ಮಾತ್ರ ಉರಿಯುತ್ತಿತ್ತು. ನನ್ನ ಗಾಡಿ ಎಲ್ಲೂ ಕೆಡಲಿಲ್ಲ.

ಕಿಕ್ ಸವೆದಿತ್ತು, ಅದು ಬೇರೆ ಮಾತು. ಬೆಳಿಗ್ಗೆ ಒಮ್ಮೆ, ಪೆಟ್ರೋಲ್ ಬಂಕಿನಲ್ಲಿ ಒಮ್ಮೆ ಹಿಂದಿನಿಂದ ತಳ್ಳಿದರೆ ಸಾಕು.

ಹನ್ನೊಂದನೆಯ ದಿನ, ಗಡಿ ಇನ್ನೇನು ಬಂತು ಎನ್ನುವಾಗ ಚಹಾಕ್ಕೆ ನಿಂತೆವು. ನಾನು ಇಂಜಿನ್ ಆರಿಸದೆ ಗಾಡಿಯ ಮೇಲೆಯೇ ಕೂತು ಕುಡಿದೆ.

"ನೋಡ್ರಿ ಅಜ್ಜಾರ, ಹನ್ನೊಂದು ದಿನ ಆತು. ನನ್ನ ಗಾಡಿ ಒಮ್ಮೆನೂ ಕೈ ಕೊಟ್ಟಿಲ್ಲ."

"ಹೌದೌದು. ಮುಂಜಾನೆ ಯಾರು ತಳ್ಳಿದ್ರಪ್ಪ?"

"ಯಾರೋ ತಳ್ಳಿದ್ರು ಅಜ್ಜಾರ. ನಾ ಮುಂದ ನೋಡ್ತಿದ್ದೆ."

ಅಜ್ಜ ಚಹಾ ಮುಗಿಸಿ ಲೋಟ ಇಟ್ಟರು. "ಕೂಡೇ ಹೋಗೂಣು."

ಹೊರಟು ಹತ್ತು ಮಾರು ಹೋಗಿಲ್ಲ, ದ್ಯಾವಪ್ಪನ ಚೈನು ಐದನೆಯ ಸಲ ಕಡಿಯಿತು. ನಾನು ಮೀಸೆ ಮುಟ್ಟಿ ನೋಡಿಕೊಂಡೆ. ಆಮೇಲೆ ಅವರನ್ನು ಅಲ್ಲೇ ಬಿಟ್ಟು ಗಾಡಿ ಓಡಿಸಿದೆ.

ಗಡಿಯ ಗೇಟು ಏರಿನ ಮೇಲಿತ್ತು. ಸಿಪಾಯಿ ಕೈ ಅಡ್ಡ ಹಿಡಿದು ಇಂಜಿನ್ ಆರಿಸು ಎಂದ.

"ಆರಿಸಿದ್ರ ಮತ್ತ ಹತ್ತಂಗಿಲ್ರಿ," ಎಂದೆ. ಅವನಿಗೆ ಕನ್ನಡ ಬಾರದು. ತಾನೇ ಕೀಲಿ ತಿರುಗಿಸಿದ. ಕಾಗದ ನೋಡಿ, ಹೋಗು ಎಂದು ಕೈ ಮಾಡಿದ.

ನೇಪಾಳ ಮೂವತ್ತು ಹೆಜ್ಜೆ.

ಗಾಡಿ ತಿರುಗಿಸಿ ಇಳಿಜಾರಿಗೆ ಬಿಟ್ಟೆ. ಹತ್ತಿತು. ಏರಿ ಬಂದೆ. ಕೆಳಗಿಂದ ಬಂದ ಗಾಡಿ ಆರಿಸಲೇಬೇಕಂತೆ. ಸಿಪಾಯಿ ಮತ್ತೆ ಆರಿಸಿದ. ಹೀಗೆ ಮೂರು ಸಲ.

ಕೊನೆಗೆ ಇಳಿದು ಒಬ್ಬನೇ ತಳ್ಳಿದೆ. ಮಠದ ಅಕ್ಕಿಮೂಟೆ, ಒಲೆ, ಪಾತ್ರೆ ಎಲ್ಲ ನನ್ನ ಗಾಡಿಯ ಮೇಲೆಯೇ ಇದ್ದವು. ನಾಲ್ಕು ಹೆಜ್ಜೆ ಮುಂದೆ ಹೋಯಿತು, ಐದು ಹೆಜ್ಜೆ ಹಿಂದೆ ಬಂತು. ಅದೇ ಲೆಕ್ಕದಲ್ಲಿ ಎರಡು ತಾಸಿಗೆ ನಾನು ನೇಪಾಳಕ್ಕಿಂತ ನಮ್ಮೂರಿಗೇ ಹತ್ತಿರವಾಗಿದ್ದೆ.

ಅಷ್ಟರಲ್ಲಿ ಚೈನು ಕೂಡಿಸಿಕೊಂಡು ಅವರು ಬಂದರು.

"ಏನೋ ಯಮನೂರ, ನೇಪಾಳ ನೋಡಿ ಹೊಳ್ಳಿ ಬಂದ್ಯಾ?" ಎಂದ ದ್ಯಾವಪ್ಪ.

"ಸಾಬಾನ ನನ್ನ ಹತ್ರ ಐತಿ," ಎಂದ ಮಾಬುಸಾಬ. "ಬ್ಲೇಡ್ ಅಷ್ಟ ತರಬೇಕು."

ನಿಂಗನಗೌಡ ತನ್ನ ಬೈಕಿನ ಕನ್ನಡಿಯನ್ನು ನನ್ನ ಮುಖಕ್ಕೆ ತಿರುಗಿಸಿದ.

ಮೂವರೂ ಗೇಟಿನಲ್ಲಿ ಆರಿಸಿದರು, ಕಾಗದ ತೋರಿಸಿದರು, ಕಿಕ್ ಹೊಡೆದರು. ಮೂರೂ ಹತ್ತಿದವು.

"ಅಜ್ಜಾರ," ಎಂದೆ. "ಒಂದೀಟು ತಳ್ಳಾಕ ಹೇಳ್ರಿ."

"ಯಾರಿಗೆ?"

"ದ್ಯಾವಪ್ಪಣ್ಣಗ. ಮಾಬಣ್ಣಗ. ಗೌಡ್ರಿಗೆ."

ಅಜ್ಜ ಕಾವಿ ಎತ್ತಿ ಕಟ್ಟಿದರು. ನನ್ನ ಗಾಡಿ ಹತ್ತಿ ಹ್ಯಾಂಡಲ್ ಹಿಡಿದರು.

"ನೀನೂ ಹಿಂದ ಹೋಗು."

ಮೂವರೂ ತಮ್ಮ ಇಂಜಿನ್ ಆರಿಸಿ ಇಳಿದು ಬಂದರು. ನನ್ನ ಗಾಡಿಯನ್ನು ಹಿಂದಿನಿಂದ ಸರಿಯಾಗಿ ನೋಡಿದ್ದು ನಾನು ಅವತ್ತೇ. ಮಡ್‌ಗಾರ್ಡಿನ ದೂಳಿನ ತುಂಬ ಅಂಗೈ ಗುರುತು. ಒಂದೂ ನನ್ನದಲ್ಲ.

ನಾಲ್ವರೂ ಹೆಗಲು ಕೊಟ್ಟೆವು. ಗೇಟು ದಾಟಿದ ಮೇಲೆ ಇಂಜಿನ್ ಹತ್ತಿತು. ಹೊಗೆಯೆಲ್ಲ ನನ್ನ ಮುಖಕ್ಕೇ ಬಂತು. ನನ್ನ ಗಾಲಿಯೇ ಮೊದಲು ತಾಗಿತು. ಮೀಸೆ ಉಳಿಯಿತು.

ಏದುಸಿರು ಬಿಡುತ್ತ ಓಡಿಹೋಗಿ ಪಕ್ಕದಲ್ಲಿ ನಿಂತೆ.

"ಅಜ್ಜಾರ, ನಾ ಹೆಂಗ ತಳ್ಳಿದೆ?"

ಅಜ್ಜ ಎದುರಿನ ದಾರಿಯಿಂದ ಕಣ್ಣು ಕೀಳಲಿಲ್ಲ.

"ಯಾರೋ ತಳ್ಳಿದ್ರಪ್ಪ. ನಾ ಮುಂದ ನೋಡ್ತಿದ್ದೆ."