ಕೂಸಿನ ಕತ್ತು

"ಗುರುಗಳೇ, ನಗುವುದನ್ನು ಕಲಿಸಿದಿರಿ, ಸಿಟ್ಟು ಕಲಿಸಿದಿರಿ. ರಾಜನ ನಡಿಗೆ, ಭಿಕ್ಷುಕನ ನಡಿಗೆ ಎರಡೂ ಬಂದವು. ಅಳು ಮಾತ್ರ ಬರುತ್ತಿಲ್ಲ. ರಂಗದ ಮೇಲೆ ನಿಜವಾದ ಕಣ್ಣೀರು ತರಿಸುವುದು ಹೇಗೆ?" ಎಂದು ಶಿಷ್ಯ ಬಸಲಿಂಗ ಕೇಳಿದ. ಮರುದಿನ ಅವನ ಮೊದಲ ದೊಡ್ಡ ಪಾತ್ರ. ಹೊಳೆಯಲ್ಲಿ ಮುಳುಗಿ ಸತ್ತ ಕೂಸನ್ನು ಎತ್ತಿಕೊಂಡು ಬರುವ ಅಂಬಿಗನ ಪಾತ್ರ. ಅದರಲ್ಲಿ ಸೋತರೆ ಮತ್ತೆ ಕಾವಲುಗಾರನ ವೇಷವೇ ಗತಿ.

ಗುರುಗಳು ಮೂಲೆಯಲ್ಲಿದ್ದ ಬಟ್ಟೆಯ ಗಂಟನ್ನು ತಂದು ಅವನ ಕೈಗಿಟ್ಟರು. ನಾಟಕದಲ್ಲಿ ಅದೇ ಸತ್ತ ಕೂಸು. "ಇದನ್ನು ಹಿಡಿದುಕೊಂಡು ಕೇಳು. ನಡುವೆ ಬಾಯಿ ಹಾಕಬೇಡ," ಎಂದು ಶುರುಮಾಡಿದರು.

ಒಬ್ಬ ನಟನಿದ್ದ. ಅವನು ಮಾಡದ ಪಾತ್ರವಿರಲಿಲ್ಲ. ಇವತ್ತು ರಾಜನಾದರೆ ನಾಳೆ ಸೀರೆ ಉಡುತ್ತಿದ್ದ, ಊರ ಹೆಂಗಸರೇ ಅವನ ನೆರಿಗೆ ನೋಡಿ ಕಲಿಯುತ್ತಿದ್ದರು. ಇಪ್ಪತ್ತು ವರ್ಷ ಬೆವರು ಸುರಿಸಿದವನು ಅವನು, ನಿನ್ನ ಹಾಗೆ ಎರಡೇ ವರ್ಷಕ್ಕೆ ದೊಡ್ಡ ಪಾತ್ರ ಕೇಳಿದವನಲ್ಲ. ಇದೇ ಅಂಬಿಗನ ಪಾತ್ರದಲ್ಲಂತೂ ಅವನ ಕಣ್ಣೀರು ಎದೆಯವರೆಗೆ ಇಳಿಯುತ್ತಿತ್ತು. ಜನ ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಅದರ ಗುಟ್ಟನ್ನು ಅವನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ಒಂದು ಸಲ ಅವನ ತಾಯಿ ಮೊದಲ ಬಾರಿಗೆ ನಾಟಕ ನೋಡಲು ಬಂದಳು. ಅವಳು ಒಂದು ಮಾತು ಹೊಗಳಿದರೆ ಸಾಕು ಎಂದು ಅವನು ಅಷ್ಟೂ ವರ್ಷ ಕಾದಿದ್ದ. ಅಂದು ಎಂದಿಗಿಂತ ಹೆಚ್ಚು ಅತ್ತ. ಮರುದಿನ ಬೆಳಿಗ್ಗೆ ನೋಡಿದರೆ ತಾಯಿ ಮಾತಿಲ್ಲದೆ ರೊಟ್ಟಿ ಬಡಿಯುತ್ತಿದ್ದಾಳೆ. ಅವನಿಗೆ ತಡೆಯಲಾಗಲಿಲ್ಲ.

"ಹೇಗಿತ್ತವ್ವಾ?"

"ಅಷ್ಟೊಂದು ಕಣ್ಣೀರು ಎಲ್ಲಿಂದ ತಂದೆಯೋ?"

"ನೀನು ಸತ್ತ ಹಾಗೆ, ನಾನೊಬ್ಬನೇ ಉಳಿದ ಹಾಗೆ ನೆನೆಸಿಕೊಳ್ಳುತ್ತೇನೆ. ತಾನಾಗಿ ಬರುತ್ತದೆ."

ತಾಯಿ ನಕ್ಕುಬಿಟ್ಟಳು. "ಅಯ್ಯೋ ನಿನ್ನ! ಇಷ್ಟು ವರ್ಷ ದಿನಾ ನನ್ನನ್ನು ಮಣ್ಣು ಮಾಡುತ್ತಿದ್ದೆಯಾ? ಅದಕ್ಕೇ ನನ್ನ ಆಯಸ್ಸು ಗಟ್ಟಿ ಇದೆ." ಆಮೇಲೆ ಕೈ ನಿಲ್ಲಿಸಿದಳು. "ನನ್ನ ಮಾತಿರಲಿ. ಸತ್ತದ್ದು ಆ ಕೂಸಲ್ಲವೇನೋ? ಅದಕ್ಕೆ ಯಾರು ಅತ್ತರು? ನೀನು ಅದನ್ನು ದಿಂಬಿನ ಹಾಗೆ ಕಂಕುಳಲ್ಲಿ ಇಟ್ಟುಕೊಂಡಿದ್ದೆ. ಕತ್ತು ಜೋತುಬಿದ್ದಿತ್ತು. ಹಿಡಿಯೋಣ ಅಂತ ಕೂತಲ್ಲೇ ನನ್ನ ಕೈ ಮುಂದೆ ಹೋಯಿತು."

ನಟನಿಗೆ ಬಹಳ ನಾಚಿಕೆಯಾಯಿತು.

ಆ ರಾತ್ರಿಯ ನಾಟಕಕ್ಕೂ ತಾಯಿ ಬಂದಳು. ಅವನು ಕಣ್ಣೀರಿನ ಗೊಡವೆಗೇ ಹೋಗಲಿಲ್ಲ. ಗಂಟಿನ ಕತ್ತಿಗೆ ಅಂಗೈ ಕೊಟ್ಟ. ಹಣೆಗಂಟಿದ ಕೂದಲು ಸರಿಸಿದ. ಚಳಿಯಾದೀತೆಂದು ತನ್ನ ಹೆಗಲ ವಸ್ತ್ರ ಹೊದಿಸಿದ. ಅವನ ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ಜನರಲ್ಲಿ ಒಬ್ಬರೂ ಬಿಕ್ಕಲಿಲ್ಲ. ಕೆಟ್ಟೆನಲ್ಲಪ್ಪಾ ಎಂದುಕೊಂಡ. ಪರದೆ ಬಿತ್ತು, ಆದರೂ ಯಾರೂ ಏಳಲಿಲ್ಲ. ಮುಂದೆ ಕೂತಿದ್ದ ಹೆಂಗಸರು ತಮ್ಮ ತಮ್ಮ ಮಕ್ಕಳನ್ನು ಮಡಿಲಿಗೆ ಎಳೆದುಕೊಂಡು ಕೂತಿದ್ದರು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಬಸಲಿಂಗನಿಗೆ ಕುತೂಹಲ ತಡೆಯಲಾಗಲಿಲ್ಲ.

"ಅವನ ತಾಯಿ ಏನೆಂದಳು, ಗುರುಗಳೇ?"

"ಏನೂ ಅನ್ನಲಿಲ್ಲ. ಪರದೆಯ ಹಿಂದೆ ಬಂದು, ಅವನ ಕೈಯಿಂದ ಆ ಗಂಟನ್ನು ಇಸಿದುಕೊಂಡು, ಮೆಲ್ಲಗೆ ಮಲಗಿಸಿದಳು."

ಬಸಲಿಂಗ ತಲೆದೂಗಿದ. "ತಿಳಿಯಿತು ಗುರುಗಳೇ. ನಾಳೆ ನಾನೂ ಹಾಗೇ ಹಿಡಿಯುತ್ತೇನೆ."

ಗುರುಗಳು ಅವನ ಮಡಿಲಲ್ಲಿದ್ದ ಗಂಟಿನತ್ತ ನೋಡಿದರು.

"ನಾಳೆಯ ಮಾತು ಬಿಡು, ಇಷ್ಟು ಹೊತ್ತು ನೀನು ಮೊಣಕೈ ಊರಿಕೊಂಡು ಕತೆ ಕೇಳಿದ್ದು ಯಾರ ಮೇಲೆ?"