ಬಿಳಿ ಗೂಡಿನ ಹುಳು

“ಗುರುಗಳೇ, ಇಬ್ಬರಿಗೆ ಒಂದೇ ದುಃಖ ಬಂದರೆ ಒಬ್ಬರು ಎದ್ದು ನಿಲ್ಲುವುದು, ಇನ್ನೊಬ್ಬರು ಮಲಗಿಯೇ ಬಿಡುವುದು ಏಕೆ?” ಎಂದು ಕೆಂಪಯ್ಯ ಕೇಳಿದ.

“ಸುತ್ತಿ ಬಳಸಬೇಡ. ಮನೆಯಲ್ಲಿ ಏನಾಯಿತು, ಅದನ್ನು ಹೇಳು” ಎಂದರು ಗುರುಗಳು.

ಕೆಂಪಯ್ಯ ಹೇಳಿದ. ಅವನ ತಾಯಿ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಅವನು ಅತ್ತ, ತಿಥಿ ಮುಗಿಸಿದ, ಮತ್ತೆ ಕೆಲಸಕ್ಕೆ ಹೊರಟ. ತಂಗಿ ಮಾದೇವಿ ಮಾತ್ರ ಹಾಸಿಗೆ ಬಿಟ್ಟು ಏಳಲಿಲ್ಲ. ಯಾರಾದರೂ ಹುಬ್ಬು ಗಂಟಿಕ್ಕಿದರೆ ದಿನವೆಲ್ಲ ಅಳುತ್ತಾಳೆ. ನಕ್ಕು ಮಾತಾಡಿಸಿದರೆ ಆ ನಗು ಅವಳನ್ನು ಮುಟ್ಟುವುದೇ ಇಲ್ಲ. ಈಗೀಗ ಊಟವನ್ನೂ ಬಿಟ್ಟಿದ್ದಾಳೆ.

“ಹೀಗೇ ಆದರೆ ಅವಳು ನಮಗೆ ಉಳಿಯುವುದಿಲ್ಲ ಗುರುಗಳೇ. ಕಂಡರೆ ಅಯ್ಯೋ ಅನಿಸುತ್ತದೆ, ಮರುಕ್ಷಣವೇ ಸಿಟ್ಟು ನೆತ್ತಿಗೇರುತ್ತದೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ನಾವು, ಕಳೆದುಕೊಂಡದ್ದೂ ಒಬ್ಬಳೇ ತಾಯಿಯನ್ನು. ನಾನು ಎದ್ದೆ. ಅವಳಿಗೇನು ಧಾಡಿ?”

“ಧಾಡಿಯೋ! ಸರಿಯಪ್ಪ, ಕೂತುಕೋ” ಎಂದು ಗುರುಗಳು ಕತೆ ಶುರುಮಾಡಿದರು.

ಒಬ್ಬ ರೈತ ರೇಷ್ಮೆ ಹುಳು ಸಾಕುತ್ತಿದ್ದ. ಅಪ್ಪನ ಕಾಲದಿಂದಲೂ ಅವರ ಮನೆಯಲ್ಲಿ ಹಳದಿ ಗೂಡು ಕಟ್ಟುವ ನಾಡತಳಿಯದೇ ಸಾಕಣೆ. ಒಂದು ಸಲ ಹೆಂಡತಿ ಆಸೆಪಟ್ಟಳೆಂದು ಬಿಳಿ ಗೂಡಿನ ತಳಿಯ ಮೊಟ್ಟೆಯನ್ನೂ ತಂದ. ಎರಡನ್ನೂ ಒಂದೇ ಕೋಣೆಯಲ್ಲಿ ಇಟ್ಟ, ಒಂದೇ ತೋಟದ ಹಿಪ್ಪುನೇರಳೆ ಸೊಪ್ಪು ಹಾಕಿದ. ಹುಳುಮನೆಯ ಕಟ್ಟುಪಾಡಿನಲ್ಲಿ ಅವನು ಬಲು ಬಿಗಿ. ಕಾಲು ತೊಳೆಯದೆ ಯಾರೂ ಒಳಗೆ ಬರುವಂತಿಲ್ಲ, ಹುಳು ಗೂಡು ಕಟ್ಟುವ ತನಕ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ.

ಬಿಸಿಲು ಏರಿತು. ಹಳದಿ ಗೂಡಿನ ಹುಳುಗಳು ಎಂದಿನಂತೆ ಮೇಯುತ್ತಿದ್ದವು. ಬಿಳಿ ತಳಿಯವು ಮೇವು ಬಿಟ್ಟು, ತಲೆ ಎತ್ತಿಕೊಂಡು ಸುಮ್ಮನೆ ಉಳಿದವು.

“ಇವಕ್ಕೆ ಸೆಕೆ ತಡೆಯುತ್ತಿಲ್ಲ. ಕಿಟಕಿಗೆ ಒದ್ದೆ ಗೋಣಿ ಕಟ್ಟೋಣ, ತಟ್ಟೆಯಲ್ಲಿ ಹುಳುಗಳನ್ನು ತೆಳ್ಳಗೆ ಹರಡೋಣ” ಎಂದಳು ಹೆಂಡತಿ.

“ಪಕ್ಕದ ತಟ್ಟೆಯವು ತಡೆಯುತ್ತಿಲ್ಲವೇ? ಇವೇನು ಅರಮನೆಯಿಂದ ಬಂದವೇ? ಮೇಯದೆ ಎಲ್ಲಿ ಹೋಗುತ್ತವೆ, ಹಾಕು ಸೊಪ್ಪು!” ಎಂದ ರೈತ.

ಹುಳು ತಿನ್ನಲಿಲ್ಲ. ಅವನು ಮೇಲೆ ಮತ್ತಷ್ಟು ಹಾಕಿದ. ಅದನ್ನೂ ತಿನ್ನಲಿಲ್ಲ, ಇನ್ನಷ್ಟು ಹಾಕಿದ. ಕೆಟ್ಟ ಮನಸ್ಸಿನಿಂದಲ್ಲ, ಎಳೆಯ ಸೊಪ್ಪನ್ನೇ ಆರಿಸಿ ಹಾಕುತ್ತಿದ್ದ, ಪಾಪ. ಅಡಿಯ ಸೊಪ್ಪು ಬೆವೆತು ಕಾವೇರಿತು, ಹುಳಿ ವಾಸನೆ ಬಂತು. ಸರಿಸಿ ನೋಡುವಷ್ಟರಲ್ಲಿ ಅರ್ಧಕ್ಕರ್ಧ ಹುಳುಗಳು ಕಪ್ಪಗಾಗಿ ಸತ್ತಿದ್ದವು. ಹೆಂಡತಿ ಗಂಡನ ಕಡೆ ತಿರುಗಿಯೂ ನೋಡದೆ ಉಳಿದವನ್ನು ತಂಪಿನ ಮೂಲೆಗೆ ಒಯ್ದಳು. ಅವುಗಳಲ್ಲಿ ಕೆಲವು ಗೂಡು ಕಟ್ಟಿದವು, ಕೆಲವು ಕಟ್ಟಲಿಲ್ಲ.

ರೈತ ತಲೆಯ ಮೇಲೆ ಕೈಹೊತ್ತು ಕೂತ. ಒಂದೇ ಕೋಣೆ, ಒಂದೇ ಸೊಪ್ಪು, ಒಂದೇ ಬಿಸಿಲು, ನನ್ನದೇನು ತಪ್ಪು ಎಂದು ಬಂದವರ ಮುಂದೆಲ್ಲ ಹೇಳಿಕೊಂಡ. ಮೊಟ್ಟೆ ಬೇರೆ ಎಂಬುದು ಅವನ ಬಾಯಲ್ಲಿ ಬರಲೇ ಇಲ್ಲ.

ಗುರುಗಳು ಕತೆ ನಿಲ್ಲಿಸಿದರು. ಕೆಂಪಯ್ಯನಿಗೆ ಸಮಾಧಾನವಾಗಲಿಲ್ಲ.

“ಅವು ಎರಡು ತಳಿ. ನಾವು ಒಬ್ಬ ತಾಯಿಯ ಮಕ್ಕಳು” ಎಂದ.

“ಅಜ್ಜಿಯ ಕಣ್ಣು ನಿನಗೆ ಬಂತು, ತಂಗಿಗೆ ಬರಲಿಲ್ಲ. ಅದಕ್ಕೆ ನೀನು ಅವಳ ಮೇಲೆ ರೇಗಲಿಲ್ಲ. ನೋವು ಮಿದುಳಿಗೆ ಎಷ್ಟು ಆಳ ನಾಟುತ್ತದೆ, ಎಷ್ಟು ಕಾಲ ಅಲ್ಲೇ ಉಳಿಯುತ್ತದೆ ಎಂಬುದೂ ಒಂದಿಷ್ಟು ಹಾಗೆಯೇ ರಕ್ತದಲ್ಲಿ ಬರುತ್ತದೆ. ಒಡಹುಟ್ಟಿದವರಿಗೂ ಅದು ಸಮಪಾಲಾಗಿ ಬರುವುದಿಲ್ಲ.”

ಕೆಂಪಯ್ಯನಿಗೆ ಎದೆಯ ಭಾರ ಇಳಿದಂತಾಯಿತು. “ಸದ್ಯ! ಹಾಗಾದರೆ ಇದು ಹುಟ್ಟಿನಿಂದ ಬಂದದ್ದು. ಅವಳ ತಪ್ಪೂ ಅಲ್ಲ, ನನ್ನ ತಪ್ಪೂ ಅಲ್ಲ” ಎಂದು ಎದ್ದು ನಿಂತ.

“ಅವಳ ತಪ್ಪಲ್ಲ, ನಿಜ” ಎಂದರು ಗುರುಗಳು. “ದಿನಾ ಬೆಳಿಗ್ಗೆ ಅವಳ ಬಾಗಿಲಲ್ಲಿ ನಿಂತು ನೀನು ಹೇಳುವ ಮಾತು ಏನು, ಅದನ್ನೊಂದು ಸಲ ನನಗೆ ಹೇಳು.”

ಕೆಂಪಯ್ಯ ಮತ್ತೆ ಕೂತ. “‘ನಾನು ಎದ್ದೆ, ನಿನಗೇನು ಧಾಡಿ’ ಎನ್ನುತ್ತೇನೆ” ಎಂದ.